ಹಳೇ ಕಂಪ್ಯೂಟರ್, ಹೊಸ ಸರ್ವರ್: ಯಾವ ಕ್ಲೈಂಟ್ ಸಾಫ್ಟ್‌ವೇರ್ ಹಾಕೋದು? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಮಾಡ್ಕೊಂಡಿರೋನು, ವಾರಕ್ಕೆ ಎರಡು ದಿನ ಮೈಸೂರು ಕಡೆನೂ ಓಡಾಡ್ತೀನಿ. ರೈಸ್ ಮಿಲ್ಲು, ಬೆಲ್ಲದ ಮಂಡಿ, ಪ್ರಿಂಟಿಂಗ್ ಪ್ರೆಸ್ಸು, ಆಡಿಟರ್ ಆಫೀಸು, ಎಲ್ಲಿ ಹೋದ್ರೂ ಒಂದೇ ಕತೆ. ಹೊಸ ಸರ್ವರ್ ಬಂದು ಕೂತಿರತ್ತೆ, ಮೂಲೆಲಿ ಹಳೇ ವಿಂಡೋಸ್ ಎಕ್ಸ್‌ಪಿ ಡಬ್ಬ ಇರತ್ತೆ, ಎರಡಕ್ಕೂ ಮಾತುಕತೆ ಇಲ್ಲ. ಫೋನಲ್ಲಿ ಹೇಳಿದ್ದೇ ಹೇಳಿ ಬಾಯಿ ನೋಯ್ತು, ಅದಕ್ಕೆ ಒಂದ್ಸಲ ಕೂತು ಬರೆದು ಮಡಗಿದೀನಿ.

ಹಳೇದನ್ನ ಗುಜರಿಗೆ ಹಾಕಿ ಹೊಸದು ತಗೊಂಡ್ರೆ ಆಗಲ್ವಾ?

ಆಗತ್ತೆ. ಆಗೋ ಹಾಗಿದ್ರೆ ಅದನ್ನೇ ಮಾಡಿ, ಮುಂದಕ್ಕೆ ಓದೋದೇ ಬೇಡ. ಆದ್ರೆ ಎಲ್ಲಾ ಕಡೆ ಆಗಲ್ಲ ಕಣ್ರೀ. ಮದ್ದೂರು ಕಡೆ ಒಂದು ರೈಸ್ ಮಿಲ್ ಇದೆ, ಅಲ್ಲಿ ವೇಬ್ರಿಡ್ಜ್ ರೂಮಲ್ಲಿ ಒಂದು ಪೆಂಟಿಯಂ 4 ಇದೆ, ಸೈಡ್ ಪ್ಲೇಟ್ ಬಿಚ್ಚಿದ್ರೆ ಒಳಗೆ ಫ್ಯಾನ್ ಮೇಲೆ ಭತ್ತದ ಹೊಟ್ಟಿನ ಧೂಳು ಬೆರಳು ಗಾತ್ರ ಮೆತ್ಕೊಂಡಿರತ್ತೆ, ಬ್ಲೋಯರ್ ಹೊಡೆದ್ರೆ ರೂಮೆಲ್ಲಾ ಮಂಜು. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಬಂದು ಆ ಸಿಸ್ಟಮ್ಮಿನ ಕಾಮ್ ಪೋರ್ಟಿಗೆ ಸೇರತ್ತೆ, ಲಾರಿ ಹತ್ತಿದ ತಕ್ಷಣ ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸ್‌ನಲ್ಲಿ ಬರೆದ ಸಾಫ್ಟ್‌ವೇರ್ ತೂಕ ಎತ್ಕೊಂಡು ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಮೂರು ಕಾಪಿ ಚೀಟಿ ಹೊಡೆಯತ್ತೆ. ಅದನ್ನ ಬರೆದುಕೊಟ್ಟ ಹುಡುಗ ಯಾವತ್ತೋ ಬೆಂಗಳೂರು ಸೇರ್ಕೊಂಡ, ಸೋರ್ಸ್ ಕೋಡ್ ಯಾರತ್ರನೂ ಇಲ್ಲ. ಸಾಹುಕಾರ್ರು ಹೇಳೋದು ಒಂದೇ ಮಾತು, "ಅದು ಓಡ್ತಾ ಐತಲ್ಲ, ಅದ್ರ ತಂಟೆಗೆ ಯಾಕ್ ಹೋಯ್ತೀಯ?" ಅವರು ಹೇಳೋದ್ರಲ್ಲೂ ನ್ಯಾಯ ಇದೆ.

ಪ್ರೆಸ್ಸುಗಳಲ್ಲೂ ಹಂಗೇ. ಹಳೇ ಕಟಿಂಗ್ ಪ್ಲಾಟರ್ ಡ್ರೈವರ್ ಎಕ್ಸ್‌ಪಿ ಬಿಟ್ಟು ಮೇಲೆ ಬರಲ್ಲ, ಪ್ಯಾರಲಲ್ ಪೋರ್ಟ್ ಡಾಂಗಲ್ (ಬೀಗದ ಕೈ ತರದ ಸಣ್ಣ ಡಬ್ಬಿ) ಹಾಕಿದ್ರೇನೇ ಓಪನ್ ಆಗೋ ಸಾಫ್ಟ್‌ವೇರ್ ಇರತ್ತೆ. ಇಂಥ ಕಡೆ ಇರೋದನ್ನೇ ಸರ್ವರ್ ಜೊತೆ ಹೊಂದಿಸ್ಬೇಕು.

ಸರಿ, ಯಾವ ಕ್ಲೈಂಟ್ ಬೆಸ್ಟು? ಒಂದು ಹೆಸರು ಹೇಳಿ ಸಾಕು.

ಹೇಳೋಕಾಗಲ್ಲ. ಎಲ್ಲರೂ ಹಳೇ ಸಿಸ್ಟಮ್ ಮುಂದೆ ಕೂತು ಕ್ಲೈಂಟ್ ಹುಡುಕೋಕೆ ಶುರು ಮಾಡ್ತಾರೆ, ನಾನಂತೂ ಮೊದಲು ಸರ್ವರ್ ಮುಂದೆ ಕೂರ್ತೀನಿ. ಸರ್ವರ್ ಯಾವ ಭಾಷೆ ಮಾತಾಡತ್ತೆ, ಹಳೇದಕ್ಕೆ ಅದ್ರಲ್ಲಿ ಯಾವುದು ಅರ್ಥ ಆಗತ್ತೆ, ಇದು ಗೊತ್ತಾದ್ರೆ ಕ್ಲೈಂಟ್ ತಾನಾಗೇ ಗೊತ್ತಾಗತ್ತೆ. ಕ್ಲೈಂಟ್ ಅಂದ್ರೆ ಬೇರೆ ಏನೂ ಅಲ್ಲ, ಸರ್ವರ್ ಹತ್ರ ಹೋಗಿ "ಈ ಫೈಲ್ ಕೊಡು, ಈ ಪ್ರಿಂಟ್ ಹೊಡಿ" ಅಂತ ಕೇಳೋ ಸಾಫ್ಟ್‌ವೇರ್ ಅಷ್ಟೆ. ನಮ್ಮ ಸುತ್ತಮುತ್ತ ನೋಡೋ ಕೇಸುಗಳಲ್ಲಿ ಕೇಳೋದು ಮೂರು ನಾಲ್ಕು ತರ: ಶೇರ್ ಆದ ಫೋಲ್ಡರ್ ಬೇಕು, ಇಲ್ಲಾ ಸರ್ವರಿನ ಸ್ಕ್ರೀನೇ ಇಲ್ಲಿ ಕಾಣ್ಬೇಕು, ಇಲ್ಲಾ ಫೈಲ್ ಅತ್ತಿಂದಿತ್ತ ಕಳಿಸ್ಬೇಕು, ಇಲ್ಲಾ ಬ್ರೌಸರ್. ನಿಮಗೆ ಬೇಕಾಗಿರೋದು ಯಾವುದು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ, ಯಾಕಂದ್ರೆ ಒಂದೊಂದಕ್ಕೂ ಉತ್ತರ ಬೇರೆ.

ಇನ್ನೊಂದು ಮಾತು, ನಮ್ ಕಡೆ "ಸರ್ವರ್" ಅಂದ್ರೆ ಬಹಳ ಸಲ ಓನರ್ ಕ್ಯಾಬಿನ್ನಲ್ಲಿರೋ ವಿಂಡೋಸ್ 10 ಪಿಸಿನೇ ಆಗಿರತ್ತೆ. ತಪ್ಪೇನಿಲ್ಲ, ಆದ್ರೆ ಅಂಥ ವಿಂಡೋಸ್‌ಗೆ ಒಂದೇ ಹೊತ್ತಿಗೆ 20 ಕನೆಕ್ಷನ್ ಮಿತಿ. ಎಕ್ಸ್‌ಪಿ ಪ್ರೊಫೆಷನಲ್ ಸರ್ವರ್ ಮಾಡಿದ್ರೆ 10, ಎಕ್ಸ್‌ಪಿ ಹೋಮ್ ಆದ್ರೆ ಬರೀ 5. "ಆರನೇ ಸಿಸ್ಟಮ್ ಮಾತ್ರ ಕನೆಕ್ಟ್ ಆಗ್ತಿಲ್ಲ ಸಾರ್" ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ನೋಡೋದು ಇದನ್ನೇ.

ಎಕ್ಸ್‌ಪಿಯಿಂದ ನಿನ್ನೆವರೆಗೂ ಶೇರ್ ಓಪನ್ ಆಗ್ತಿತ್ತು. ಸರ್ವರ್ ಬದಲಾಯ್ಸಿದ್ಮೇಲೆ "ನೆಟ್‌ವರ್ಕ್ ಪಾತ್ ನಾಟ್ ಫೌಂಡ್" ಅಂತಿದೆ. ಪಿಂಗ್ ಮಾತ್ರ ಆಗತ್ತೆ.

ಇದು ನನಗೆ ಬರೋ ಫೋನುಗಳಲ್ಲಿ ಅರ್ಧಕ್ಕರ್ಧ. ಪಿಂಗ್ ಆಗತ್ತೆ ಅಂದ್ರೆ ಕೇಬಲ್, ಐಪಿ ಎಲ್ಲಾ ಸರಿ ಇದೆ, ಭಾಷೆ ಹೊಂದ್ತಿಲ್ಲ ಅಂತ. ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ನಡೆಯೋದು ಎಸ್‌ಎಂಬಿ ಅನ್ನೋ ಪ್ರೋಟೊಕಾಲ್‌ನಲ್ಲಿ. ಎಕ್ಸ್‌ಪಿಗೆ ಗೊತ್ತಿರೋದು ಎಸ್‌ಎಂಬಿ 1 ಒಂದೇ. ಎಸ್‌ಎಂಬಿ 2 ಬಂದಿದ್ದು ವಿಸ್ಟಾ ಜೊತೆ, 2.1 ವಿಂಡೋಸ್ 7 ಜೊತೆ, 3 ವಿಂಡೋಸ್ 8 ಜೊತೆ. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ವರ್ಷನ್‌ನಿಂದ ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೆ ಎಸ್‌ಎಂಬಿ 1 ಸರ್ವರ್ ಭಾಗ ತಾನಾಗೇ ಬರಲ್ಲ. ಲಿನಕ್ಸ್ ಸರ್ವರ್ ಆದ್ರೆ ಅದ್ರಲ್ಲಿ ಶೇರ್ ಕೆಲಸ ಮಾಡೋದು ಸಾಂಬಾ ಅನ್ನೋ ಸಾಫ್ಟ್‌ವೇರ್, ಅದೂ 2019ರ 4.11 ವರ್ಷನ್‌ನಿಂದ ಎಸ್‌ಎಂಬಿ 1ನ್ನ ಆಫ್ ಮಾಡಿಟ್ಟಿದೆ. ಅಂದ್ರೆ ನಿಮ್ಮ ಎಕ್ಸ್‌ಪಿ ಬಾಗಿಲು ತಟ್ತಾ ಇದೆ, ಒಳಗಿರೋನಿಗೆ ಆ ಭಾಷೆನೇ ಮರ್ತುಹೋಗಿದೆ.

ಸಾಂಬಾ ಅಂದ್ರೆ ಸಾಂಬಾರ್ ಅಲ್ಲ, ನಮ್ಮ ಹುಡುಗ ಒಬ್ಬ ಹಂಗೇ ಓದ್ತಿದ್ದ. 1992ರ ಹೊತ್ತಿಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ್ದು ಅದು, ಡಿಕ್ಷನರಿಲಿ ಎಸ್, ಎಂ, ಬಿ ಮೂರೂ ಅಕ್ಷರ ಇರೋ ಪದ ಹುಡುಕಿ ಇಟ್ಟ ಹೆಸರು.

ಎಕ್ಸ್‌ಪಿಗೆ ಎಸ್‌ಎಂಬಿ 2 ಹಾಕೋ ಅಪ್‌ಡೇಟ್ ಅಂತ ಮೈಕ್ರೋಸಾಫ್ಟ್ ಯಾವತ್ತೂ ಕೊಡ್ಲಿಲ್ಲ, ಎಲ್ಲೋ ಸಿಗತ್ತೆ ಅಂತ ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ.

ಹಂಗಾದ್ರೆ ಸರ್ವರಲ್ಲೇ ಎಸ್‌ಎಂಬಿ 1 ಆನ್ ಮಾಡಿದ್ರೆ ಮುಗೀತಲ್ಲ? ಎರಡು ನಿಮಿಷದ ಕೆಲಸ.

ಎರಡು ನಿಮಿಷದ್ದೇ. ಯೂಟ್ಯೂಬ್‌ನಲ್ಲೂ ಎಲ್ಲರೂ ಅದನ್ನೇ ತೋರಿಸ್ತಾರೆ, "ಟರ್ನ್ ವಿಂಡೋಸ್ ಫೀಚರ್ಸ್" ಒಳಗೆ ಹೋಗಿ ಒಂದು ಟಿಕ್ ಮಾರ್ಕ್ ಅಂತ. ನಾನೂ ಮೊದಲು ಹಂಗೇ ಮಾಡ್ತಿದ್ದೆ, ಈಗ ಮಾಡಲ್ಲ. 2017ರ ಮೇ 12ಕ್ಕೆ ವನ್ನಾಕ್ರೈ ಬಂತಲ್ಲ, ಅದು ಊರೂರಿಗೆ ಹಬ್ಬಿದ್ದು ಎಸ್‌ಎಂಬಿ 1ರ ತೂತಿನಿಂದಾನೇ, ಯಾರೂ ಏನೂ ಕ್ಲಿಕ್ ಮಾಡ್ಬೇಕಾಗಿರಲಿಲ್ಲ, ಒಂದು ಸಿಸ್ಟಮ್ಮಿಗೆ ಬಂದ್ರೆ ಲ್ಯಾನ್‌ನಲ್ಲಿರೋ ಉಳಿದವಕ್ಕೆ ತಾನೇ ಹಾರ್ತಿತ್ತು. ಆ ತೂತಿಗೆ ಪ್ಯಾಚ್ ಅದೇ ವರ್ಷ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಂಡಿರಲಿಲ್ಲ ಅಷ್ಟೆ. ಎಕ್ಸ್‌ಪಿಗೆ ಸಪೋರ್ಟ್ 2014ರ ಏಪ್ರಿಲ್‌ನಲ್ಲೇ ಮುಗಿದಿದ್ರೂ ಆಗ ಅದಕ್ಕೂ ಒಂದು ಪ್ಯಾಚ್ ಬಿಟ್ರು. ನಿಮ್ಮ ಎಕ್ಸ್‌ಪಿಲಿ ಅದು ಇದೆಯಾ ನೋಡಿ, ಕೆಬಿ 4012598 ಅಂತ ನಂಬರ್.

ಒಂದು ಹಳೇ ಡಬ್ಬಕ್ಕೋಸ್ಕರ ಇಡೀ ಆಫೀಸಿನ ಲೆಕ್ಕ ಇರೋ ಸರ್ವರಿನ ಹಿಂಬಾಗಿಲು ತೆಗೆದಿಡೋದು ನನಗೆ ಸರಿ ಕಾಣಲ್ಲ. ಬದಲಿಗೆ ಮಧ್ಯೆ ಒಬ್ಬ ದಲ್ಲಾಳಿನ ಕೂರ್ಸಿ.

ದಲ್ಲಾಳಿನಾ? ಅದೇನು?

ಮಂಡಿಲಿ ರೈತನೂ ವ್ಯಾಪಾರಿನೂ ನೇರ ಮಾತಾಡಲ್ವಲ್ಲ, ಮಧ್ಯೆ ಒಬ್ರು ಇರ್ತಾರಲ್ಲ, ಅದೇ ತರ. ಒಂದು ಸಣ್ಣ ಲಿನಕ್ಸ್ ಡಬ್ಬ, ರಾಸ್ಪ್‌ಬೆರಿ ಪೈ ಆದ್ರೂ ಸರಿ, ಮೂಲೆಲಿ ಬಿದ್ದಿರೋ ಕೋರ್ 2 ಡ್ಯುಯೋ ಆದ್ರೂ ಸರಿ. ಅದಕ್ಕೆ ಎರಡು ಲ್ಯಾನ್ ಪೋರ್ಟ್ ಇರಲಿ, ಎರಡನೇದಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದ್ರೂ ನಡೆಯತ್ತೆ. ಒಂದು ಪೋರ್ಟಿಂದ ಕೇಬಲ್ ನೇರ ಹಳೇ ಎಕ್ಸ್‌ಪಿಗೆ, ಇನ್ನೊಂದು ಆಫೀಸ್ ಸ್ವಿಚ್‌ಗೆ. ಹಳೇ ಕಡೆಗೆ ಮಾತ್ರ ಸಾಂಬಾದಲ್ಲಿ ಕನಿಷ್ಠ ಪ್ರೋಟೊಕಾಲ್ ಎನ್‌ಟಿ 1 (ಅಂದ್ರೆ ಎಸ್‌ಎಂಬಿ 1) ಅಂತ ಇಳಿಸಿ, ಆ ಶೇರ್ ಆ ಒಂದು ಪೋರ್ಟಲ್ಲಿ ಬಿಟ್ಟು ಬೇರೆ ಕಡೆ ಕಾಣದ ಹಾಗೆ ಇಂಟರ್‌ಫೇಸ್ ಕಟ್ಟಿಹಾಕಿ. ಸರ್ವರ್ ಕಡೆಗೆ ಅದೇ ಡಬ್ಬ ಎಸ್‌ಎಂಬಿ 3ರಲ್ಲಿ ಮಾತಾಡತ್ತೆ.

ವೇಬ್ರಿಡ್ಜ್ ತರದ್ದಾದ್ರೆ ಫೈಲನ್ನ ದಲ್ಲಾಳಿ ಡಬ್ಬದಲ್ಲೇ ಇಟ್ಟು, ರಾತ್ರಿ ಮಿಲ್ ನಿಂತ ಮೇಲೆ ಆರ್‌ಸಿಂಕ್ ಅನ್ನೋ ಕಾಪಿ ಸಾಫ್ಟ್‌ವೇರ್‌ನಲ್ಲಿ ಸರ್ವರಿಗೆ ಕಳಿಸಿ. ಹಗಲು ಹೊತ್ತು ಓಡ್ತಿರೋ ಡೇಟಾಬೇಸ್ ಫೈಲ್ ಕಾಪಿ ಮಾಡ್ಬೇಡಿ, ಅರ್ಧ ಹಳೇದು ಅರ್ಧ ಹೊಸದು ಬಂದು ಬ್ಯಾಕಪ್ ಇದ್ದೂ ಇಲ್ಲದ ಹಾಗೆ ಆಗತ್ತೆ. ಮದ್ದೂರಿನ ಮಿಲ್ಲಲ್ಲಿ ಹೀಗೇ ಮಾಡಿದ್ದು, ಡಬ್ಬನ ಗೋಡೆ ಮೇಲೆ ಮೇಲ್ಗಡೆ ಮೊಳೆ ಹೊಡೆದು ಕೂರ್ಸಿದೀವಿ, ಕೆಳಗಿದ್ರೆ ಇಲಿ ಕೇಬಲ್ ಬಿಡಲ್ಲ.

ಅಷ್ಟೆಲ್ಲಾ ಆಗಲ್ಲ ಅಂದ್ರೆ ಕೊನೇಪಕ್ಷ ಇದೊಂದು ಮಾಡಿ. ಎಕ್ಸ್‌ಪಿಲಿ ಐಪಿ ಮತ್ತೆ ಸಬ್‌ನೆಟ್ ಮಾಸ್ಕ್ ಕೈಯಲ್ಲಿ ಹಾಕಿ, ಡೀಫಾಲ್ಟ್ ಗೇಟ್‌ವೇ ಜಾಗ ಖಾಲಿ ಬಿಡಿ. ಲ್ಯಾನ್ ನಡೆಯತ್ತೆ, ಇಂಟರ್ನೆಟ್ ಹೋಗಲ್ಲ. ಕೆಲಸದ ಹುಡುಗರು ಅದ್ರಲ್ಲಿ ಬ್ರೌಸರ್ ತೆಗೆಯೋದೂ ನಿಲ್ಲತ್ತೆ. ಇದೇ ಪೂರ್ತಿ ರಕ್ಷಣೆ ಅಂತ ಮಾತ್ರ ಅಂದ್ಕೋಬೇಡಿ, ಪೆನ್ ಡ್ರೈವ್‌ನಲ್ಲಿ ಬರೋದನ್ನ ಇದು ತಡೆಯಲ್ಲ.

ಪಾಸ್‌ವರ್ಡ್ ಸರಿಯಾಗೇ ಹೊಡೀತಿದೀನಿ, ಆದ್ರೂ ಮತ್ತೆ ಮತ್ತೆ ಕೇಳ್ತಾನೇ ಇದೆ.

ಎಕ್ಸ್‌ಪಿ ಪಾಸ್‌ವರ್ಡ್ ಕಳಿಸೋ ರೀತಿ ಹಳೇದು, ಎಲ್‌ಎಂ ಮತ್ತೆ ಎನ್‌ಟಿಎಲ್‌ಎಂ ಅಂತ. ಸಾಂಬಾ 2016ರ 4.5ರಿಂದ ಎನ್‌ಟಿಎಲ್‌ಎಂ ವರ್ಷನ್ 2 ಮಾತ್ರ ಒಪ್ಪತ್ತೆ. ಖುಷಿ ವಿಷಯ ಏನಂದ್ರೆ ಎಕ್ಸ್‌ಪಿಗೂ ವರ್ಷನ್ 2 ಗೊತ್ತು, ಕೇಳಿದ್ರೆ ಮಾತ್ರ ಕಳಿಸತ್ತೆ ಅಷ್ಟೆ. ಲೋಕಲ್ ಸೆಕ್ಯುರಿಟಿ ಪಾಲಿಸಿಲಿ "ಲ್ಯಾನ್ ಮ್ಯಾನೇಜರ್ ಅಥೆಂಟಿಕೇಷನ್ ಲೆವೆಲ್" ಅಂತ ಇರತ್ತೆ, ಅದನ್ನ "ಸೆಂಡ್ ಎನ್‌ಟಿಎಲ್‌ಎಂ ವಿ2 ರೆಸ್ಪಾನ್ಸ್ ಓನ್ಲಿ" ಮಾಡಿ. ಎಕ್ಸ್‌ಪಿ ಹೋಮ್‌ನಲ್ಲಿ ಆ ಪಾಲಿಸಿ ಸ್ಕ್ರೀನೇ ಇಲ್ಲ, ರಿಜಿಸ್ಟ್ರಿಲಿ ಎಲ್‌ಎಸ್‌ಎ ಅನ್ನೋ ಕೀ ಒಳಗೆ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ 3 ಅಂತ ಹಾಕ್ಬೇಕು. ಇದನ್ನ ಮಾಡಿದ್ರೆ ಸರ್ವರ್ ಕಡೆ ಪಾಸ್‌ವರ್ಡ್ ವಿಷಯದಲ್ಲಿ ಏನೂ ಸಡಿಲ ಮಾಡೋದು ಬೇಕಾಗಲ್ಲ.

ಅದಕ್ಕೂ ಮುಂಚೆ ಮೂಲೆಲಿರೋ ಗಡಿಯಾರ ನೋಡಿ! ಸಿಸ್ಟಮ್ ಆನ್ ಆದಾಗ ತಾರೀಖು 2002 ಅಂತ ತೋರಿಸ್ತಿದ್ರೆ ಮದರ್‌ಬೋರ್ಡ್ ಶೆಲ್ ಸತ್ತಿದೆ. ಸಿಆರ್ 2032 ಅಂತ ಕೇಳಿ, ಯಾವ ವಾಚ್ ಅಂಗಡಿಲೂ ಸಿಗತ್ತೆ. ಡೊಮೈನ್ ಸರ್ವರ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡ್ಕೊಳ್ಳೋದು) ಆಗಿದ್ರೆ ಟೈಮ್ 5 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಆದ್ರೆ ಕರ್ಬರಾಸ್ ಅನ್ನೋ ಲಾಗಿನ್ ಕಾವಲು ಒಳಗೆ ಬಿಡಲ್ಲ, ವೆಬ್‌ಸೈಟುಗಳು ಸರ್ಟಿಫಿಕೇಟ್ ಸರಿ ಇಲ್ಲ ಅಂತಾವೆ, ತೂಕದ ಚೀಟಿ ಮೇಲೆ ಇಪ್ಪತ್ತು ವರ್ಷ ಹಿಂದಿನ ತಾರೀಖು ಬರತ್ತೆ. ಶೆಲ್ ಹಾಕಿದ್ರೆ ಮುಗೀತು. ಅಂಥ ಸಿಸ್ಟಮ್ಮಿಗೆ ಒಬ್ರು ಮೂರ್ಸಲ ವಿಂಡೋಸ್ ಹಾಕಿಸಿದ್ರು.

ವಿಂಡೋಸ್ 98 ಇದೆ. ನಗ್ಬೇಡಿ.

ನಗಲ್ಲ, ಮೈಸೂರಲ್ಲಿ ಒಂದು ಪ್ರೆಸ್ಸಲ್ಲಿ ಇನ್ನೂ ಇದೆ. ಅದ್ರಲ್ಲೇ ಬರೋ "ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್" ಸಾಕು, ಆದ್ರೆ ಎನ್‌ಟಿಎಲ್‌ಎಂ ವರ್ಷನ್ 2 ಬೇಕು ಅಂದ್ರೆ ಮೇಲೆ ಡೈರೆಕ್ಟರಿ ಸರ್ವಿಸಸ್ ಕ್ಲೈಂಟ್ ಅಂತ ಒಂದು ಹಾಕ್ಬೇಕು. ನೇರ ಸರ್ವರಿಗೆ ಕನೆಕ್ಟ್ ಮಾಡೋ ಯೋಚನೆ ಬಿಡಿ, ದಲ್ಲಾಳಿ ಡಬ್ಬ ಬೇಕೇ ಬೇಕು.

ಇದ್ರ ಎರಡು ಚೇಷ್ಟೆ ಗೊತ್ತಿರಲಿ. ಒಂದು, 98ರಲ್ಲಿ ಶೇರ್‌ಗೆ ಬೇರೆ ಯೂಸರ್‌ನೇಮ್ ಕೊಡೋಕೆ ಬರಲ್ಲ, ವಿಂಡೋಸ್ ಶುರುವಾದಾಗ ಲಾಗಿನ್ ಆದ ಹೆಸರಲ್ಲೇ ಹೋಗತ್ತೆ, ಅದಕ್ಕೆ ಅದೇ ಹೆಸರಿನ ಯೂಸರ್‌ನ ಸಾಂಬಾದಲ್ಲಿ ಮಾಡಿಡಿ. ಲಾಗಿನ್ ಬಾಕ್ಸ್ ಬಂದಾಗ ಎಸ್ಕೇಪ್ ಹೊಡೆದು ಒಳಗೆ ಹೋಗೋ ಅಭ್ಯಾಸ ಎಲ್ಲರಿಗೂ ಇದೆ, ಹಂಗೆ ಹೋದ್ರೆ ನೆಟ್‌ವರ್ಕ್ ಇಲ್ಲ. ಎರಡನೇದು, ಶೇರ್ ಹೆಸರು 12 ಅಕ್ಷರ ದಾಟಿದ್ರೆ ಅದಕ್ಕೆ ಕಾಣೋದೇ ಇಲ್ಲ. "ಡಿಸೈನ್ಸ್" ಅಂತ ಚಿಕ್ಕದಾಗಿ ಇಡಿ.

ಡಾಸ್?

ಆಗತ್ತೆ ಸ್ವಾಮಿ. ಫೈಲ್ ಕಳಿಸೋದಷ್ಟೇ ಆದ್ರೆ ಎಂಟಿಸಿಪಿ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ, ಮೈಕಲ್ ಬ್ರುಟ್‌ಮನ್ ಬರೆದಿದ್ದು, ಎಫ್‌ಟಿಪಿ, ಟೆಲ್‌ನೆಟ್, ಪಿಂಗ್ ಎಲ್ಲಾ ಇದೆ, ಲ್ಯಾನ್ ಕಾರ್ಡಿನ ಪ್ಯಾಕೆಟ್ ಡ್ರೈವರ್ ಒಂದು ಸಿಕ್ರೆ ಸಾಕು. ಡ್ರೈವ್ ಲೆಟರ್‌ನೇ ಬೇಕು ಅಂದ್ರೆ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0 ಇತ್ತು, ಆದ್ರೆ ಅದು 640 ಕೆಬಿ ಮೆಮೊರಿಲಿ ದೊಡ್ಡ ತುತ್ತು ತಿನ್ನತ್ತೆ, ಆಮೇಲೆ ನಿಮ್ಮ ಬಿಲ್ಲಿಂಗ್ ಪ್ರೋಗ್ರಾಂ "ನಾಟ್ ಇನಫ್ ಮೆಮೊರಿ" ಅನ್ನತ್ತೆ. ಈಥರ್‌ಡಿಎಫ್‌ಎಸ್ ಅಂತ ಇನ್ನೊಂದಿದೆ, ಮೆಮೊರಿ ತುಂಬಾ ಕಮ್ಮಿ ತಗೊಂಡು ಲಿನಕ್ಸ್ ಡಬ್ಬದ ಫೋಲ್ಡರ್‌ನ ಡ್ರೈವ್ ತರ ತೋರಿಸತ್ತೆ, ನನಗೆ ಅದೇ ಇಷ್ಟ.

ಫಾಕ್ಸ್‌ಪ್ರೋ, ಕ್ಲಿಪ್ಪರ್ ಡೇಟಾ ಸರ್ವರಿಗೆ ಹಾಕಿದ್ಮೇಲೆ ಇಂಡೆಕ್ಸ್ (ಡೇಟಾ ಹುಡುಕೋ ಪಟ್ಟಿ) ಕರಪ್ಟ್ ಆಗ್ತಿದೆ, ಬಿಲ್ ನಂಬರ್ ಎರಡೆರಡು ಸಲ ಬರ್ತಿದೆ.

ಈ ಪ್ರಶ್ನೆಗೆ ಉತ್ತರ ನಾನು ಏಟು ತಿಂದು ಕಲ್ತಿದ್ದು. ಒಂದು ಬೆಲ್ಲದ ಮಂಡಿಲಿ ಮೂರು ಸಿಸ್ಟಮ್, ಡೇಟಾ ಸರ್ವರಲ್ಲಿ. ಹರಾಜು ಮುಗಿದು ಬಿಲ್ ಹೊಡೆಯೋ ಹೊತ್ತಲ್ಲಿ ಇಬ್ರು ಒಟ್ಟಿಗೆ ಎಂಟ್ರಿ ಹಾಕಿದ್ರೆ 412ನೇ ಬಿಲ್ ಇಬ್ರಿಗೂ ಬರೋದು, ಸಂಜೆ ನೋಡಿದ್ರೆ ಅದ್ರಲ್ಲಿ ಒಂದು ಮಾಯ. ರೈತರು ಚೀಟಿ ಹಿಡ್ಕೊಂಡು ನಿಂತಿದಾರೆ, ಕಂಪ್ಯೂಟರಲ್ಲಿ ಲೆಕ್ಕ ಇಲ್ಲ. ನಾನು ಮೊದಲು ಕೇಬಲ್ ಅಂದೆ, ಬದಲಾಯ್ಸಿದ್ವಿ. ಸ್ವಿಚ್ ಅಂದೆ, ಬದಲಾಯ್ಸಿದ್ವಿ. ಆಮೇಲೆ ಹಾರ್ಡ್ ಡಿಸ್ಕ್ ಅಂದೆ, ಪಾಪ ನನ್ನ ಮಾತು ಕೇಳಿ ಅದನ್ನೂ ತಗೊಂಡ್ರು. ಯಾವುದೂ ಅಲ್ಲ.

ಅಸಲಿ ವಿಷಯ ಆಪ್‌ಲಾಕ್. ಒಬ್ಬ ಕ್ಲೈಂಟ್ ಫೈಲ್ ಓಪನ್ ಮಾಡಿದಾಗ ಸರ್ವರ್ ಅವನಿಗೆ "ಸದ್ಯಕ್ಕೆ ನೀನೊಬ್ಬನೇ ಇರೋದು, ಬರೆಯೋದನ್ನ ನಿನ್ನತ್ರನೇ ಇಟ್ಕೊಂಡಿರು, ಬೇರೆಯವರು ಬಂದ್ರೆ ಕೇಳ್ತೀನಿ" ಅಂತ ಅನುಮತಿ ಕೊಡತ್ತೆ, ಸ್ಪೀಡಿಗೋಸ್ಕರ. ಎರಡನೇಯವನು ಬಂದಾಗ ಮೊದಲನೇಯವನು ಎಲ್ಲಾ ತಂದು ಒಪ್ಪಿಸ್ಬೇಕು. ವರ್ಡ್, ಎಕ್ಸೆಲ್ ಫೈಲಿಗೆ ಇದು ಒಳ್ಳೇದೇ. ಆದ್ರೆ ಫಾಕ್ಸ್‌ಪ್ರೋ, ಕ್ಲಿಪ್ಪರಿನ ಡಿಬಿಎಫ್ ಡೇಟಾ ಫೈಲನ್ನ ಮೂರು ಜನ ಒಟ್ಟಿಗೆ ಓಪನ್ ಇಟ್ಕೊಂಡಿರ್ತಾರೆ, ಹಳೇ ಲ್ಯಾನ್ ಕಾರ್ಡು, ಮಧ್ಯೆ ಕರೆಂಟ್ ಕೈಕೊಡತ್ತೆ, ಒಪ್ಪಿಸೋಕೆ ಮುಂಚೆನೇ ಸಿಸ್ಟಮ್ ಆಫ್ ಆಗಿರತ್ತೆ. ಅಲ್ಲಿಗೆ ಇಂಡೆಕ್ಸ್ ಢಮಾರ್.

ಸಾಂಬಾ ಆದ್ರೆ ಆ ಶೇರ್‌ಗೆ ಆಪ್‌ಲಾಕ್ಸ್ ನೋ, ಲೆವೆಲ್ 2 ಆಪ್‌ಲಾಕ್ಸ್ ನೋ ಅಂತ ಹಾಕಿ, ಇಲ್ಲಾ "ವೀಟೊ ಆಪ್‌ಲಾಕ್ ಫೈಲ್ಸ್" ಸಾಲಲ್ಲಿ ಡಿಬಿಎಫ್, ಸಿಡಿಎಕ್ಸ್, ಎನ್‌ಟಿಎಕ್ಸ್ ಎಕ್ಸ್‌ಟೆನ್ಷನ್ ಮಾತ್ರ ಸೇರ್ಸಿ, ಉಳಿದ ಫೈಲ್ ಸ್ಪೀಡಾಗೇ ಇರ್ತಾವೆ. ನಾನು ಡೇಟಾ ಫೋಲ್ಡರಿಗೆ ಬೇರೆ ಶೇರ್ ಮಾಡಿ ಪೂರ್ತಿ ಆಫ್ ಮಾಡ್ತೀನಿ, ತಲೆನೋವು ಕಮ್ಮಿ. ಎಕ್ಸ್‌ಪಿ ಕಡೆನೂ ರಿಜಿಸ್ಟ್ರಿಲಿ ಆಫ್ ಮಾಡಬಹುದು. ಆದ್ರೆ ಎಸ್‌ಎಂಬಿ 2 ಮೇಲೆ ಮಾತಾಡೋ ವಿಂಡೋಸ್‌ಗೆ ಆ ಹಳೇ ರಿಜಿಸ್ಟ್ರಿ ಉಪಾಯ ಕೆಲಸ ಮಾಡಲ್ಲ, ಅದಕ್ಕೇ ಸರ್ವರ್ ಕಡೆ ಮಾಡೋದು ವಾಸಿ. ಮಂಡಿಲಿ ಅದನ್ನ ಮಾಡಿದ್ಮೇಲೆ ಬಿಲ್ ಡಬಲ್ ಆಗಿಲ್ಲ, ವಸಿ ನಿಧಾನ ಆಯ್ತು ಅಷ್ಟೆ, ಯಾರೂ ಗಮನಿಸ್ಲಿಲ್ಲ. ಹಾರ್ಡ್ ಡಿಸ್ಕ್ ದುಡ್ಡು ನಾನು ಸರ್ವೀಸ್ ಚಾರ್ಜಲ್ಲಿ ಹಿಡ್ಕೊಂಡೆ.

ಹಾಗೇ ಫಾಕ್ಸ್‌ಪ್ರೋ ಟೇಬಲ್‌ಗೆ 2 ಜಿಬಿ ಮಿತಿ ಇದೆ, ಸರ್ವರಲ್ಲಿ ಎಷ್ಟೇ ಜಾಗ ಇರಲಿ. ಹಳೇ ವರ್ಷಗಳದ್ದು ಬೇರೆ ತೆಗೆದಿಡಿ.

ರಿಮೋಟ್ ಡೆಸ್ಕ್‌ಟಾಪ್ ಮಾಡಿದ್ರೆ ಹಳೇ ಸಿಸ್ಟಮ್ ಬರೀ ಟಿವಿ ತರ ಇದ್ರೂ ನಡೆಯತ್ತಲ್ವಾ?

ನಡೆಯತ್ತೆ, ನನ್ನ ಪ್ರಕಾರ ಬಹಳ ಕಡೆ ಇದೇ ಸರಿಯಾದ ದಾರಿ. ಸಾಫ್ಟ್‌ವೇರ್ ಎಲ್ಲಾ ಸರ್ವರಲ್ಲಿ ಓಡತ್ತೆ, ಡೇಟಾ ಅಲ್ಲೇ ಇರತ್ತೆ, ಇಲ್ಲಿ ಕೀಬೋರ್ಡು, ಮೌಸು, ಚಿತ್ರ ಅಷ್ಟೆ. ಕರೆಂಟ್ ಹೋದ್ರೂ ಹೋಗಿದ್ದು ಕಿಟಕಿ ಮಾತ್ರ, ಸರ್ವರಿಗೆ ಯುಪಿಎಸ್ ಇದ್ರೆ ಮತ್ತೆ ಲಾಗಿನ್ ಆದಾಗ ಅರ್ಧ ಹೊಡೆದ ಬಿಲ್ಲು ಹಾಗೇ ಕೂತಿರತ್ತೆ. ಫಾಕ್ಸ್‌ಪ್ರೋ ಕತೆಗೂ ಇದೇ ಮದ್ದು, ಫೈಲ್ ನೆಟ್‌ವರ್ಕ್ ಮೇಲೆ ಓಡಾಡೋದೇ ಇಲ್ವಲ್ಲ.

ಎಕ್ಸ್‌ಪಿಲಿ ಮಾಡೋದಾದ್ರೆ ಸರ್ವೀಸ್ ಪ್ಯಾಕ್ 3 ಇರಲೇಬೇಕು, ಮೇಲೆ ರಿಮೋಟ್ ಡೆಸ್ಕ್‌ಟಾಪ್ ಕ್ಲೈಂಟ್ 7.0 ಹಾಕಿ. ಹೊಸ ಸರ್ವರುಗಳು ಎನ್‌ಎಲ್‌ಎ ಕೇಳ್ತಾವೆ, ಅಂದ್ರೆ ಸ್ಕ್ರೀನ್ ತೋರ್ಸೋಕೆ ಮುಂಚೆನೇ ಪಾಸ್‌ವರ್ಡ್ ಕೇಳೋದು. ಎಕ್ಸ್‌ಪಿ ಎಸ್‌ಪಿ 3ರಲ್ಲಿ ಅದು ಇದೆ, ಆದ್ರೆ ಆಫ್ ಆಗಿರತ್ತೆ, ರಿಜಿಸ್ಟ್ರಿಲಿ ಕ್ರೆಡ್‌ಎಸ್‌ಎಸ್‌ಪಿ ಆನ್ ಮಾಡ್ಬೇಕು. ಸರ್ವರಲ್ಲಿ ಎನ್‌ಎಲ್‌ಎನೇ ತೆಗೆದುಬಿಡಿ ಅಂತ ಹೇಳೋರ ಮಾತು ಕೇಳ್ಬೇಡಿ. ಸರ್ವರಲ್ಲಿ ಟಿಎಲ್‌ಎಸ್ (ಮಾತುಕತೆ ಗುಟ್ಟಾಗಿಡೋ ಪದ್ಧತಿ) 1.0 ಮುಚ್ಚಿದ್ರೆ ಎಕ್ಸ್‌ಪಿ ಅಲ್ಲಿಗೆ ಹೊರಗೇ, ಆಗ ಅದೇ ಡಬ್ಬಕ್ಕೆ ಹಗುರದ ಲಿನಕ್ಸ್ ಹಾಕಿ ರೆಮ್ಮಿನಾ ಇಲ್ಲಾ ಫ್ರೀಆರ್‌ಡಿಪಿ ಅನ್ನೋ ರಿಮೋಟ್ ಡೆಸ್ಕ್‌ಟಾಪ್ ಕ್ಲೈಂಟ್ ಓಡ್ಸಿ.

ಎರಡು ಗಮನ ಇಡಿ. ವಿಂಡೋಸ್ 10, 11 ಪ್ರೊದಲ್ಲಿ ಒಂದು ಹೊತ್ತಿಗೆ ಒಬ್ರೇ, ಎರಡನೇಯವರು ಬಂದ್ರೆ ಮೊದಲನೇಯವರು ಆಚೆ. ನಾಲ್ಕು ಜನಕ್ಕೆ ಬೇಕು ಅಂದ್ರೆ ವಿಂಡೋಸ್ ಸರ್ವರ್, ಅದ್ರ ಮೇಲೆ ಜನಕ್ಕೊಂದು ಲೈಸೆನ್ಸ್, ಖರ್ಚು ಬರತ್ತೆ. ಆಮೇಲೆ ಡಾಟ್ ಮ್ಯಾಟ್ರಿಕ್ಸ್. ಸರ್ವರಿಂದ ಪ್ರಿಂಟರ್ ಡ್ರೈವರ್ ಮೂಲಕ ಬಂದ್ರೆ ಅಕ್ಷರಗಳು ಚಿತ್ರದ ತರ ಬಂದು, ಒಂದು ಚೀಟಿ ಹೊಡೆಯೋಕೆ ಕಾಫಿ ಕುಡಿದು ಬರಬಹುದು. ಪ್ರಿಂಟರ್ ಬದಲು ಎಲ್‌ಪಿಟಿ (ಪ್ಯಾರಲಲ್) ಪೋರ್ಟನ್ನೇ ರಿಡೈರೆಕ್ಟ್ ಮಾಡಿ, ಹಳೇ ಪ್ರೋಗ್ರಾಂ ನೇರ ಅಕ್ಷರ ಕಳಿಸತ್ತೆ, ಮೊದಲಿನ ತರನೇ ಟರ್ರ್ ಅಂತ ಹೊಡೆಯತ್ತೆ. ಕಾಮ್ ಪೋರ್ಟನ್ನೂ ಹೀಗೇ ಕಳಿಸಬಹುದು.

ಮನೇಲಿ ಕೂತು ನೋಡ್ಬೇಕು ಅಂತ ರೌಟರಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು) ತೆಗೆದಿಡೋ ಕೆಲಸ ಮಾತ್ರ ಬೇಡ. ವಿಪಿಎನ್ ಹಾಕಿಸ್ಕೊಳ್ಳಿ.

ವಿಂಡೋಸ್ 7 ಇದೆ, ಅದು ಅಷ್ಟು ಹಳೇದಲ್ಲ ಅಲ್ವಾ?

ಶೇರ್ ವಿಷಯಕ್ಕೆ ಅಲ್ಲ. ಎಸ್‌ಎಂಬಿ 2.1 ಮಾತಾಡತ್ತೆ, ಈಗಿನ ಸರ್ವರ್ ಜೊತೆ ಸಲೀಸಾಗಿ ನಡೆಯತ್ತೆ. ಸರ್ವರಲ್ಲಿ ಯಾರಾದ್ರೂ ಎನ್‌ಕ್ರಿಪ್ಷನ್ ಕಡ್ಡಾಯ ಮಾಡಿದ್ರೆ ಮಾತ್ರ ನಿಲ್ಲತ್ತೆ, ಅದು 3ರಲ್ಲಿ ಬಂದಿದ್ದು. ಸರ್ವರ್ ಕಡೆ ವಿಂಡೋಸ್ 11 24ಎಚ್2 ಇದ್ರೆ ಅದು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಒಪ್ಪಲ್ಲ, ಸರಿಯಾಗಿ ಯೂಸರ್ ಮಾಡ್ಕೊಡಿ. ಇನ್ನೊಂದು ಟಿಎಲ್‌ಎಸ್. ವಿಂಡೋಸ್ 7ಗೆ 1.2 ಗೊತ್ತು, ಆದ್ರೆ ಒಳಗಿನ ಕೆಲವು ಸಾಫ್ಟ್‌ವೇರ್ ಅದನ್ನ ಬಳಸ್ಬೇಕು ಅಂದ್ರೆ ಕೆಬಿ 3140245 ಅಪ್‌ಡೇಟೂ ಅದ್ರ ರಿಜಿಸ್ಟ್ರಿ ಸೆಟ್ಟಿಂಗೂ ಬೇಕು. "ಬ್ರೌಸರಲ್ಲಿ ಬರತ್ತೆ, ಸಾಫ್ಟ್‌ವೇರಲ್ಲಿ ಬರಲ್ಲ" ಅಂದ್ರೆ ಇದೇ. ಸಪೋರ್ಟ್ 2020ರ ಜನವರಿಗೆ ಮುಗಿದಿದೆ ಅನ್ನೋದು ನೆನಪಿರಲಿ.

ಫೈಲ್ ಕಳಿಸೋಕೆ ಎಫ್‌ಟಿಪಿ ಸುಲಭ ಅಂತಾರೆ?

ಸುಲಭನೇ, ಆದ್ರೆ ಪಾಸ್‌ವರ್ಡ್ ಬಟಾಬಯಲಲ್ಲಿ ಹೋಗತ್ತೆ. ದಲ್ಲಾಳಿ ಡಬ್ಬಕ್ಕೆ ಹಾಕಿದ ಒಂಟಿ ಕೇಬಲ್ ಮೇಲೆ ಓಕೆ, ಇಂಟರ್ನೆಟ್ ಮೇಲೆ ಬೇಡ. ಪಾಸ್‌ವರ್ಡ್ ಮುಚ್ಚಿ ಕಳಿಸೋ ಎಸ್‌ಎಫ್‌ಟಿಪಿ ಮಾಡಿ, ಅದಕ್ಕೆ ಎಕ್ಸ್‌ಪಿಲಿ ಓಡೋ ವಿನ್‌ಎಸ್‌ಸಿಪಿ, ಪುಟ್ಟಿ ವರ್ಷನ್‌ಗಳು ಇವೆ. ಹಳೇ ಸಿಡಿಲಿರೋ ಪುಟ್ಟಿ ಹಾಕ್ಬೇಡಿ, ಹೊಸ ಸರ್ವರ್ ಜೊತೆ "ಕೀ ಎಕ್ಸ್‌ಚೇಂಜ್ ಹೊಂದ್ತಿಲ್ಲ" ಅಂತ ನಿಲ್ಲತ್ತೆ. 2017ರ 0.68ರಲ್ಲಿ ಪುಟ್ಟಿಗೆ ಹೊಸ ತರದ ಕೀಗಳು ಬಂದ್ವು, ಅದಕ್ಕಿಂತ ಈಚಿನದ್ದು, ನಿಮ್ಮ ಎಕ್ಸ್‌ಪಿಲಿ ಓಪನ್ ಆಗೋ 32 ಬಿಟ್ ವರ್ಷನ್ ನೋಡಿ. ಸರ್ವರ್ ಕಡೆ ಇರೋ ಓಪನ್‌ಎಸ್‌ಎಸ್‌ಎಚ್ 2021ರ 8.8ರಿಂದ ಹಳೇ ಶಾ 1 ಸಹಿಯ ಆರ್‌ಎಸ್‌ಎ ಒಪ್ಪಲ್ಲ, ಅದಕ್ಕೆ ಕೀ ಹೊಸದಾಗಿ ಮಾಡೋದಾದ್ರೆ ಇಡಿ 25519 ಮಾಡ್ಕೊಳ್ಳಿ.

ಎಕ್ಸ್‌ಪಿಲಿ ಜಿಎಸ್‌ಟಿ ಸೈಟ್ ಓಪನ್ ಆಗೋ ಬ್ರೌಸರ್ ಯಾವುದು?

ಬೇಡ. ಎಕ್ಸ್‌ಪಿಗೆ ಬಂದ ಕೊನೇ ಕ್ರೋಮ್ 49, ಕೊನೇ ಫೈರ್‌ಫಾಕ್ಸ್ 52 ಇಎಸ್‌ಆರ್. ಫೈರ್‌ಫಾಕ್ಸ್ ತನ್ನದೇ ಟಿಎಲ್‌ಎಸ್ ಇಟ್ಕೊಂಡಿರೋದ್ರಿಂದ ಆಫೀಸಿನೊಳಗಿನ ವೆಬ್ ಪೇಜ್, ರೌಟರ್ ಪೇಜ್ ನೋಡೋಕೆ ಸರಿ. ಬ್ಯಾಂಕು, ಜಿಎಸ್‌ಟಿ ಎಲ್ಲಾ ಬೇರೆ ಸಿಸ್ಟಮ್ಮಲ್ಲಿ ಮಾಡಿ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಜಿಮೇಲ್ ಬರ್ತಿಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ: ಬರಲ್ಲ, ಬಿಡಿ.

ಪೂರ್ತಿ ಲಿನಕ್ಸ್ ಹಾಕಿದ್ರೆ?

ವೇಬ್ರಿಡ್ಜ್, ಡಾಂಗಲ್ ಯಾವುದೂ ಇಲ್ದೇ ಇದ್ರೆ ಹಾಕಿ. ಪ್ರೊಸೆಸರ್ 64 ಬಿಟ್ಟಾ ನೋಡ್ಕೊಳ್ಳಿ, ಕೋರ್ 2 ಡ್ಯುಯೋ ಆದ್ರೆ ಹೌದು. 32 ಬಿಟ್ ಆದ್ರೆ ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ 12ವರೆಗೂ ಇನ್‌ಸ್ಟಾಲರ್ ಇತ್ತು, 2025ರ ಆಗಸ್ಟಲ್ಲಿ ಬಂದ 13ರಲ್ಲಿ ಇಲ್ಲ. ಆಂಟಿಎಕ್ಸ್ ಅನ್ನೋ ಲಿನಕ್ಸ್ ಹಗುರ, 1 ಜಿಬಿ ರ‍್ಯಾಮ್‌ನಲ್ಲಿ ರೆಮ್ಮಿನಾ ಚೆನ್ನಾಗೇ ಓಡತ್ತೆ. 512 ಎಂಬಿ ಇದ್ರೆ ಇನ್ನೊಂದು ಹಳೇ ರ‍್ಯಾಮ್ ಸ್ಟಿಕ್ ಹುಡುಕಿ ಹಾಕಿ, ಸಾಫ್ಟ್‌ವೇರ್ ಬದಲಾಯ್ಸೋದಕ್ಕಿಂತ ಅದ್ರಿಂದ್ಲೇ ಲಾಭ ಜಾಸ್ತಿ.

ಸರ್ವರಲ್ಲಿರೋ ಕನ್ನಡ ಫೈಲ್ ಹೆಸರು ಹಳೇದ್ರಲ್ಲಿ ಚಿತ್ರವಿಚಿತ್ರ ಕಾಣತ್ತೆ.

ಇದ್ರಲ್ಲಿ ಎರಡು ಬೇರೆ ಬೇರೆ ರೋಗ ಇದೆ. ಫೈಲ್ ಹೆಸರು ಯೂನಿಕೋಡ್ ಕನ್ನಡದಲ್ಲಿ ಇದ್ರೆ ಎಕ್ಸ್‌ಪಿ ತೋರಿಸತ್ತೆ, ಆದ್ರೆ ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಸೆಟ್ಟಿಂಗಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಫೈಲುಗಳನ್ನ ಹಾಕಿರ್ಬೇಕು, ಇಲ್ಲಾಂದ್ರೆ ಡಬ್ಬ ಡಬ್ಬ ಕಾಣತ್ತೆ. ಹಾಕಿದ್ರೆ ತುಂಗಾ ಫಾಂಟಲ್ಲಿ ಬರತ್ತೆ. ವಿಂಡೋಸ್ 98ಕ್ಕೆ ಯೂನಿಕೋಡ್ ಹೆಸರು ಅರ್ಥ ಆಗಲ್ಲ, ಸಾಂಬಾ ಅದನ್ನ ಎಂಟು ಅಕ್ಷರದ ಗೋಜಲು ಹೆಸರು ಮಾಡಿ ಕೊಡತ್ತೆ, ಅದನ್ನ ಇಟ್ಕೊಂಡು ಮದುವೆ ಕಾರ್ಡ್ ಫೈಲ್ ಹುಡುಕೋಕಾಗಲ್ಲ. ಹಳೇ ಸಿಸ್ಟಮ್ ಮುಟ್ಟೋ ಫೋಲ್ಡರಲ್ಲಿ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಕನ್ನಡಾಭಿಮಾನ ಫೈಲ್ ಒಳಗಿರಲಿ.

ಎರಡನೇದು ನುಡಿ, ಬರಹದ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ಫೈಲುಗಳು. ಅದಕ್ಕೂ ಸರ್ವರಿಗೂ ಕ್ಲೈಂಟಿಗೂ ಸಂಬಂಧನೇ ಇಲ್ಲ. ಓಪನ್ ಮಾಡೋ ಸಿಸ್ಟಮ್ಮಲ್ಲಿ ಆ ಫಾಂಟ್ ಇಲ್ದಿದ್ರೆ ಇಂಗ್ಲಿಷ್ ಗೀಚಿದ ತರ ಕಾಣತ್ತೆ. ಫಾಂಟ್ ಹಾಕಿ, ಇಲ್ಲಾ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ. "ಸರ್ವರ್ ನನ್ನ ಫೈಲ್ ಹಾಳು ಮಾಡ್ತು" ಅಂತ ಒಬ್ರು ಮೈಸೂರಿಂದ ಬೆಳಗ್ಗೆ ಆರಕ್ಕೆ ಫೋನ್ ಮಾಡಿದ್ರು.

ಕೇಬಲ್ ಎಳೆಯೋಕೆ ಆಗಲ್ಲ, ವೈಫೈ?

ಎಕ್ಸ್‌ಪಿ ಎಸ್‌ಪಿ 3ಕ್ಕೆ ಡಬ್ಲ್ಯೂಪಿಎ 2 ಬರತ್ತೆ, ಡಬ್ಲ್ಯೂಪಿಎ 3 ಬರಲ್ಲ. ಬ್ರೌಸಿಂಗಿಗೆ ಓಕೆ, ಡಿಬಿಎಫ್‌ಗೆ ಖಂಡಿತಾ ಬೇಡ, ಸಿಗ್ನಲ್ ಒಂದು ಕ್ಷಣ ತಪ್ಪಿದ್ರೆ ಇಂಡೆಕ್ಸ್ ಹೋಯ್ತು. ಹಳೇ 100 ಎಂಬಿಪಿಎಸ್ ಲ್ಯಾನ್ ಕಾರ್ಡೇ ಸೆಕೆಂಡಿಗೆ 11 ಎಂಬಿ ಎಳೆಯತ್ತೆ, ಬಿಲ್ಲಿಂಗಿಗೆ ಅದು ಧಾರಾಳ.

ನಾವೆಲ್ ನೆಟ್‌ವೇರ್ ಅನ್ನೋ ಹಳೇ ಕಾಲದ ಸರ್ವರ್ ಇದ್ರೆ?

ಒಂದೇ ಸಲಹೆ, ಡೇಟಾ ಆಚೆ ತೆಗೀರಿ. ವಿಂಡೋಸ್ 98 ಇಲ್ಲಾ ಎಕ್ಸ್‌ಪಿಲಿ ಐಪಿಎಕ್ಸ್ (ಅದ್ರ ನೆಟ್‌ವರ್ಕ್ ಭಾಷೆ) ಹಾಕಿ ಕನೆಕ್ಟ್ ಆಗಿ ಕಾಪಿ ಮಾಡ್ಕೊಳ್ಳಿ, ವಿಸ್ಟಾದಿಂದ ಮೇಲೆ ಐಪಿಎಕ್ಸ್ ಇಲ್ಲ.

ಈ ಹಳೇ ಸಾಫ್ಟ್‌ವೇರೆಲ್ಲಾ ಎಲ್ಲಿಂದ ಇಳಿಸ್ಕೊಳ್ಳೋದು?

ಬರೆದವರ ಸೈಟಿಂದಾನೇ, ಹೊಸ ಸಿಸ್ಟಮ್ಮಲ್ಲಿ ಇಳಿಸಿ, ಆಂಟಿವೈರಸ್ ಓಡ್ಸಿ, ಪೆನ್ ಡ್ರೈವಲ್ಲಿ ತನ್ನಿ. ಡ್ರೈವರ್ ಹೆಸರಲ್ಲಿ ಹಸಿರು ಬಟನ್ ತೋರ್ಸೋ ಸೈಟುಗಳಿಂದ ಬೇಡ. ಒಂದ್ಸಲ ಸೆಟ್ ಆದ್ಮೇಲೆ ಇಡೀ ಹಾರ್ಡ್ ಡಿಸ್ಕ್ ಇಮೇಜ್ ತೆಗೆದು ಸರ್ವರಲ್ಲಿ ಮಡಗಿ, ಆ ಪೆಂಟಿಯಂ ಡಿಸ್ಕ್ ಇವತ್ತೋ ನಾಳೆನೋ ಕಟಕಟ ಅನ್ನೋಕೆ ಶುರು ಮಾಡತ್ತೆ.

ಎಲ್ಲಾ ಮಾಡಿದೆ, ಇನ್ನೂ ಕನೆಕ್ಟ್ ಆಗ್ತಿಲ್ಲ.

ಫೋನ್ ಮಾಡೋಕೆ ಮುಂಚೆ ಇಷ್ಟು ಬರ್ಕೊಂಡಿರಿ: ಲ್ಯಾನ್ ಪೋರ್ಟಿನ ಲೈಟ್ ಉರೀತಿದೆಯಾ, ತಾರೀಖು ಸರಿ ಇದೆಯಾ, ಸರ್ವರಿನ ಐಪಿಗೆ ಪಿಂಗ್ ಆಗತ್ತಾ, ಹೆಸರಿನ ಬದಲು ಐಪಿ ಹಾಕಿ ಶೇರ್ ತೆಗೆದ್ರೆ ಬರತ್ತಾ, ಎರರ್‌ನಲ್ಲಿ ಇರೋ ನಂಬರ್ ಏನು. "ಏನೋ ಇಂಗ್ಲಿಷಲ್ಲಿ ಬತ್ತದೆ ಅಣ್ಣ" ಅಂದ್ರೆ ನನಗೂ ಏನೂ ಗೊತ್ತಾಗಲ್ಲ, ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಭಾನುವಾರ ಮಧ್ಯಾಹ್ನ ಬೇಡ.